ಸರಾಸರಿಗೆ ಸಿಗದ ಅಂಕ

ವಿಮಾನ ಪೈಲಟ್‌ನ ಕೈಗೆ ಹೇಗೆ ಒಗ್ಗುತ್ತದೆಂದು ಮೊದಲೇ ಲೆಕ್ಕಹಾಕುವ ನೀಲ್-ಸ್ಮಿತ್ ವಿಧಾನ ಈ ವಾರದ ವಿಷಯವಾಗಬೇಕಿತ್ತು. ಅದಕ್ಕೆ ಮುಂಚೆ ಹಳೆಯ ತಕರಾರೊಂದು ಇತ್ಯರ್ಥವಾಗಲಿ. ಹಾರಿಸಿ ನೋಡಿದ ಪೈಲಟ್‌ಗಳು ವಿಮಾನಕ್ಕೆ ಕೊಡುವ ಕೂಪರ್-ಹಾರ್ಪರ್ ಅಂಕಗಳನ್ನು ಕೂಡಿಸಿ, ಭಾಗಿಸಿ, ಸರಾಸರಿ ಬರೆದು ಕೈತೊಳೆದುಕೊಳ್ಳುವವರು ಇನ್ನೂ ಇದ್ದಾರೆ.

ನಾಸಾದ ಜಾರ್ಜ್ ಕೂಪರ್ ಮತ್ತು ಕಾರ್ನೆಲ್ ಪ್ರಯೋಗಾಲಯದ ರಾಬರ್ಟ್ ಹಾರ್ಪರ್ 1969ರಲ್ಲಿ ಕೊಟ್ಟ ಮಾಪಕ ಅಳತೆಪಟ್ಟಿಯಲ್ಲ. ವಿಮಾನ ಹತೋಟಿಗೆ ಸಿಗುತ್ತದೆಯೇ? ತಾಳಬಹುದಾದ ಶ್ರಮದಲ್ಲಿ ಕೆಲಸ ಸಾಕಷ್ಟು ಮಟ್ಟಿಗೆ ಆಗುತ್ತದೆಯೇ? ತಿದ್ದದೆ ಒಪ್ಪಬಹುದೇ? ಹೀಗೆ ಉತ್ತರಿಸುತ್ತಲೇ ಪೈಲಟ್ 1ರಿಂದ 10ರೊಳಗಿನ ಒಂದು ಅಂಕಕ್ಕೆ ತಲುಪುವುದು. 6 ದಾಟಿ 7ಕ್ಕೆ ಬಂದರೆ ತೀರ್ಪೇ ಬೇರೆ. ಒಬ್ಬರು 2, ಇನ್ನೊಬ್ಬರು 8 ಕೊಟ್ಟಾಗ 5 ಎಂದು ಬರೆದರೆ ಇಬ್ಬರ ಅನುಭವವೂ ಅಳಿಸಿಹೋಗುತ್ತದೆ. ಅಂಕದ ಜೊತೆ ಪೈಲಟ್ ಆಡಿದ ಮಾತೂ, ವಹಿಸಿದ ಕೆಲಸದ ವಿವರವೂ ಇರಲೇಬೇಕು.

ಕೆಲಸದ ವಿವರ ಏಕೆಂದರೆ, ಎಂಟರ್‌ಪ್ರೈಸ್‌ನ ಕಥೆ ನೋಡಿ. ಸ್ಪೇಸ್ ಷಟಲ್‌ನ ಈ ಮೊದಲ ನೌಕೆ ಎಡ್ವರ್ಡ್ಸ್ ವಾಯುನೆಲೆಯ ಒಣಕೆರೆಯ ವಿಶಾಲ ಬಯಲಲ್ಲಿ ನಾಲ್ಕು ಬಾರಿ ಚೆನ್ನಾಗಿಯೇ ಇಳಿದಿತ್ತು. 1977ರ ಅಕ್ಟೋಬರ್ 26ರಂದು ಕಾಂಕ್ರೀಟ್ ರನ್‌ವೇಯ ಗೊತ್ತಾದ ಜಾಗದಲ್ಲೇ ಇಳಿಸಬೇಕಿತ್ತು. ಅಪೊಲೊ 13ರ ಫ್ರೆಡ್ ಹೇಸ್ ಕಮಾಂಡರ್. ನೌಕೆ ವೇಗವಾಗಿ ಬಂತು; ಗುರಿಗೆ ಮುಟ್ಟಿಸಲು ಹೇಸ್ ತಿದ್ದಿದಷ್ಟೂ ಮೂಗು ಏರಿಳಿಯಿತು. ಚಕ್ರ ನೆಲಕ್ಕೆ ತಾಗಿ, ನೌಕೆ ಪುಟಿದು ಮತ್ತೆ ಗಾಳಿಗೆದ್ದು ಅತ್ತಿತ್ತ ವಾಲಿತು. ಪಕ್ಕದಲ್ಲಿದ್ದ ಗಾರ್ಡನ್ ಫುಲರ್ಟನ್ ಕೈ ಸಡಿಲಿಸಲು ಹೇಳಿದರು. ಹೇಸ್ ಸಡಿಲಿಸಿದರು, ನೌಕೆ ಶಾಂತವಾಯಿತು.

ನೌಕೆ ಅದೇ, ಬದಲಾಗಿದ್ದು ಗುರಿಯ ನಿಖರತೆ. ಕೈಯ ಆಜ್ಞೆಗೂ ನೌಕೆಯ ಪ್ರತಿಕ್ರಿಯೆಗೂ ನಡುವೆ ಸೆಕೆಂಡಿನ ಚೂರಿನಷ್ಟು ವಿಳಂಬವಿತ್ತು. ಸಾವಧಾನದ ಇಳಿತದಲ್ಲಿ ಅದು ಬಾಧಿಸಿರಲಿಲ್ಲ. ಅವಸರದಲ್ಲಿ ಪೈಲಟ್‌ನ ತಿದ್ದುಪಡಿಯೇ ತೂಗಾಟಕ್ಕೆ ಬಲ ತುಂಬಿತು.

ಮರುವರ್ಷ ನಾಸಾ ಎಫ್-8 ವಿಮಾನದಲ್ಲಿ ಬೇಕೆಂದೇ ವಿಳಂಬ ಸೇರಿಸಿ ಹಾರಿಸಿತು. ನಿಖರವಾಗಿ ಇಳಿಸಲು ಹೊರಟಾಗ ಅಂಕಗಳು ಬೇಗ ಹದಗೆಟ್ಟವು. ರನ್‌ವೇಯ ಸನಿಹದಲ್ಲೇ ಜಾನ್ ಮ್ಯಾಂಕಿ ಅಂಥದೇ ತೂಗಾಟಕ್ಕೆ ಸಿಕ್ಕಿದರು. ಆ ಪ್ರಯೋಗಗಳು ಷಟಲ್‌ಗೆ ತೂಗಾಟ ತಗ್ಗಿಸುವ ಫಿಲ್ಟರ್ ರೂಪಿಸಲು ನೆರವಾದವು.

ಬೆಂಗಳೂರಿನ ತೇಜಸ್ ಯುದ್ಧವಿಮಾನದ ತಂಡವೂ ಸಿಮ್ಯುಲೇಟರ್‌ನಲ್ಲಷ್ಟೇ ನೋಡಿ ಸುಮ್ಮನಾಗಲಿಲ್ಲ. ಬೇರೆ ವಿಮಾನದಂತೆ ವರ್ತಿಸಬಲ್ಲ ವಿಶೇಷ ಎಫ್-16ರಲ್ಲಿ ತೇಜಸ್‌ನ ನಿಯಂತ್ರಣ ಸೂತ್ರಗಳನ್ನು 1996ರಲ್ಲಿ ಅಮೆರಿಕದಲ್ಲಿ ಹಾರಿಸಿ ಪರೀಕ್ಷಿಸಲಾಯಿತು. ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ತೇಜಸ್ಸನ್ನೇ ಮೊದಲ ಬಾರಿ ಮೇಲೇರಿಸಿದ್ದು 2001ರ ಜನವರಿ 4ರಂದು. ನೀಲ್-ಸ್ಮಿತ್ ಮುಂದಿನ ವಾರ.