‘ಏಲಿಯನ್ ಮಗು’ ಮತ್ತು ನಮ್ಮ ಚಿಕ್ಕಮ್ಮ

ಹಬ್ಬಕ್ಕೆ ಊರಿಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕೂತಿದ್ವಿ. ಒಂದು ಸುದ್ದಿ ವಾಹಿನಿಯಲ್ಲಿ ‘ಏಲಿಯನ್ ಮಗು’ ಅಂತ ಅರ್ಧ ಗಂಟೆ ಕಾರ್ಯಕ್ರಮ. ವಾಹಿನಿ ಯಾವುದಾದರೇನು, ಇಂಥದ್ದನ್ನ ನೀವೂ ನೋಡಿರ್ತೀರಿ. ಕೈಲಿದ್ದ ಸರಕು ಎಂಟು ಸೆಕೆಂಡಿನ ಒಂದು ಮೊಬೈಲ್ ವಿಡಿಯೋ. ಆಗಷ್ಟೇ ಹುಟ್ಟಿದ ಕೂಸು, ಮೈಯೆಲ್ಲ ಬಿರುಕು ಬಿಟ್ಟ ದಪ್ಪ ಚರ್ಮ, ಹೊರಕ್ಕೆ ಮಗುಚಿಕೊಂಡ ಕೆಂಪು ರೆಪ್ಪೆ. ಅದನ್ನೇ ಹಿಂದೆ ಮುಂದೆ ಓಡಿಸಿ, ಕೆಂಪು ವೃತ್ತ ಹಾಕಿ, ದೆವ್ವದ ಸಿನಿಮಾದ ಮ್ಯೂಸಿಕ್ ಕೊಟ್ಟು ಎಳೆದಿದ್ದರು. ಕೆಳಗೆ ದಪ್ಪಕ್ಷರದಲ್ಲಿ ‘ಯಾರ ಪಾಪದ ಫಲ?’

ಫೋನಿನಲ್ಲಿದ್ದ ಡಾಕ್ಟರು ‘ಹಾರ್ಲೆಕ್ವಿನ್ ಇಕ್ತಿಯೋಸಿಸ್’ ಅಂತ ಹೆಸರು ಹೇಳುವಷ್ಟರಲ್ಲಿ ಬ್ರೇಕ್ ಬಂತು. ಬ್ರೇಕ್ ಮುಗಿದ ಮೇಲೆ ಡಾಕ್ಟರು ನಾಪತ್ತೆ. ಅವರನ್ನ ಮಾತಾಡೋಕೆ ಬಿಟ್ಟಿದ್ದರೆ ಕೌತುಕಕ್ಕೇನೂ ಕಮ್ಮಿ ಇರಲಿಲ್ಲ. ಅಮೆರಿಕದ ಚಾರ್ಲ್ಸ್‌ಟನ್‌ನ ಪಾದ್ರಿಯೊಬ್ಬ 1750ರಲ್ಲೇ ಇಂಥ ಮಗುವನ್ನ ಕಂಡು ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಎಬಿಸಿಎ12 ಅನ್ನೋ ಜೀನ್ ಕೆಟ್ಟಿರೋದೇ ಇದಕ್ಕೆ ಕಾರಣ ಅನ್ನೋದು 2005ರಲ್ಲಿ ಗೊತ್ತಾಯ್ತು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ. ಅಪ್ಪ ಅಮ್ಮ ಇಬ್ಬರೂ ನೋಡೋಕೆ ಆರೋಗ್ಯವಾಗೇ ಇರ್ತಾರೆ. 2016ರಲ್ಲಿ ನಾಗಪುರದಲ್ಲಿ ಹುಟ್ಟಿದ ಮಗು ಎರಡೇ ದಿನದಲ್ಲಿ ತೀರಿಕೊಂಡಿತು, ನಿಜ. ಆದರೆ ಒಳ್ಳೆ ಆರೈಕೆ ಸಿಕ್ಕಿ ದೊಡ್ಡವರಾದವರೂ ಇದ್ದಾರೆ. ಇದ್ಯಾವುದೂ ಬರಲಿಲ್ಲ. ಬದಲಿಗೆ ಜ್ಯೋತಿಷಿ ಬಂದರು, ಹತ್ತು ನಿಮಿಷ ಕೂತರು. ‘ಗ್ರಹಣ ಕಾಲದಲ್ಲಿ ತಾಯಿಯಾದವಳು ಎಚ್ಚರ ತಪ್ಪಿದ್ದಾಳೆ’ ಅಂದರು.

ಚಿಕ್ಕಮ್ಮ ಎದ್ದು ಅಡುಗೆಮನೆಗೆ ಹೋದಳು. ಯಾರೂ ಚಾನೆಲ್ ಬದಲಿಸಲಿಲ್ಲ. ನಾನೂ ಬದಲಿಸಲಿಲ್ಲ, ರಿಮೋಟ್ ನನ್ನ ಪಕ್ಕದಲ್ಲೇ ಇತ್ತು.

1996ರ ಶಿವರಾತ್ರಿ ಹೊತ್ತಿಗೆ ಅವಳ ಮೊದಲ ಹೆರಿಗೆ. ಒಂಬತ್ತು ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆಬುರುಡೆ ಮೇಲೆ ಕೂಡಿರಲಿಲ್ಲ. ಕೆಲವೇ ಗಂಟೆ ಉಸಿರಾಡಿತು. ಹಿಂದಿನ ದೀಪಾವಳಿಯಲ್ಲಿ, ಅಕ್ಟೋಬರ್ 24ರ ಬೆಳಿಗ್ಗೆ ಸೂರ್ಯಗ್ರಹಣ ಇತ್ತಲ್ಲ, ಅವತ್ತು ಅವಳು ಕುಂಬಳಕಾಯಿ ಹೆಚ್ಚಿದ್ದಳಂತೆ. ನಮ್ಮಜ್ಜಿ ಸಾಯೋತನಕ ಅದನ್ನ ಅಂದು ತೋರಿಸ್ತಿದ್ದರು. ಆಮೇಲೆ ಇಬ್ಬರು ಮಕ್ಕಳು ಚೆನ್ನಾಗೇ ಹುಟ್ಟಿದರೂ ಕುಂಬಳಕಾಯಿ ಮಾತ್ರ ಅವಳ ಹೆಗಲಿಂದ ಇಳಿಯಲಿಲ್ಲ.

ನನ್ನ ಕೆಲಸ ಸಾಫ್ಟ್‌ವೇರ್ ದೋಷ ಹುಡುಕೋದು. ಅಲ್ಲಿ ಮೊದಲು ನೋಡೋದು ಟೈಮ್‌ಸ್ಟ್ಯಾಂಪ್. ಮೊದಲ ವಾರಗಳಲ್ಲಿ ಭ್ರೂಣದಲ್ಲಿ ಒಂದು ನಾಳ ರೂಪುಗೊಂಡು, ಅದೇ ಮುಂದೆ ಮಿದುಳು, ಬೆನ್ನುಹುರಿ ಆಗುತ್ತೆ. ಈ ನ್ಯೂರಲ್ ಟ್ಯೂಬು ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳಬೇಕು. ತಲೆಯ ಕಡೆ ಮುಚ್ಚದಿದ್ದರೆ ಬುರುಡೆ ಕೂಡಲ್ಲ. ಫೆಬ್ರವರಿಯಲ್ಲಿ ಹೆರಿಗೆ ಅಂದರೆ ಆ ನಾಳ ಮುಚ್ಚಬೇಕಿದ್ದದ್ದು ಹಿಂದಿನ ಜೂನ್ ತಿಂಗಳಲ್ಲಿ. ಗ್ರಹಣ ಅಕ್ಟೋಬರಿನದ್ದು! ಜೂನ್‌ನಲ್ಲೇ ಆಗಿಹೋದದ್ದಕ್ಕೆ ಅಕ್ಟೋಬರಿನ ಕುಂಬಳಕಾಯಿಯನ್ನ ಇಷ್ಟು ವರ್ಷ ಬೈದಿದ್ದೀವಿ.

ಈ ದೋಷವನ್ನ ಬಹುಪಾಲು ತಪ್ಪಿಸೋಕೆ ಬೇಕಿರೋದು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಅದೂ ಗರ್ಭ ನಿಲ್ಲೋಕೆ ಮುಂಚಿನಿಂದ. ಇಂಥ ಮಗು ಒಮ್ಮೆ ಹುಟ್ಟಿದ್ದ ತಾಯಂದಿರಿಗೆ ಇನ್ನೂ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಮತ್ತೆ ಹಾಗಾಗೋದು 72% ಕಮ್ಮಿಯಾಯ್ತು ಅಂತ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1991ರಲ್ಲೇ ಪ್ರಕಟಿಸಿತ್ತು. ಬಿಇ ಓದಿದ ನನಗೂ ಗೊತ್ತಿರಲಿಲ್ಲ ಬಿಡಿ. ನನ್ನ ಹೆಂಡತಿಗೆ ಎರಡು ತಿಂಗಳಾದಾಗ ಮಾತ್ರೆ ಬರೆದುಕೊಟ್ಟ ಡಾಕ್ಟರು, ‘ಮಗು ಬೇಕು ಅಂದ್ಕೊಂಡಾಗಲೇ ಶುರು ಮಾಡಬೇಕಿತ್ತು ಕಣ್ರಿ’ ಅಂದಿದ್ದರು. ಆ ಅರ್ಧ ಗಂಟೆಯಲ್ಲಿ ಈ ಒಂದು ವಾಕ್ಯಕ್ಕೆ ಜಾಗ ಇರಲಿಲ್ಲವಾ?

ಜನಕ್ಕೆ ಬೇಕಾಗಿರೋದನ್ನೇ ತೋರಿಸ್ತೀವಿ ಅಂತಾರೆ. ಬಿಹಾರದ ಅರಾರಿಯಾ ಜಿಲ್ಲೆಯ ಹಳ್ಳಿಯಲ್ಲಿ 2005ರಲ್ಲಿ ನಾಲ್ಕು ಕೈ, ನಾಲ್ಕು ಕಾಲಿನ ಹೆಣ್ಣುಮಗು ಹುಟ್ಟಿತು. ಬೆಳೆಯದ ಅವಳಿ ಮಗುವಿನ ದೇಹ ಸೊಂಟದ ಹತ್ತಿರ ಅಂಟಿಕೊಂಡಿತ್ತು. ದೇವಿ ಅಂತ ಊರವರು ಪೂಜಿಸಿದರು. ಆದರೂ ಅಪ್ಪ ಅಮ್ಮ ಮಗುವನ್ನ ನಮ್ಮ ಬೆಂಗಳೂರಿನ ಸ್ಪರ್ಶ್ ಆಸ್ಪತ್ರೆಗೆ ಕರೆತಂದರು. 2007ರ ನವೆಂಬರಿನಲ್ಲಿ ಡಾ. ಶರಣ್ ಪಾಟೀಲರ ತಂಡ ಸುಮಾರು 27 ಗಂಟೆ ಶಸ್ತ್ರಚಿಕಿತ್ಸೆ ಮಾಡಿತು. ಕೂಲಿ ಮಾಡೋ ಆ ಬಡವರಿಗೆ ಮಗು ಮಗುವಾಗಿಯೇ ಕಂಡಿತ್ತು. ಸೂಟು ಹಾಕಿ ಸ್ಟುಡಿಯೋದಲ್ಲಿ ನಿಂತವರಿಗೆ ಏಲಿಯನ್ ಕಾಣ್ತಿದೆ.

ಬೆಳಿಗ್ಗೆ ಚಿಕ್ಕಮ್ಮ ಒಲೆ ಮುಂದೆ ಕೂತಿದ್ದಳು. ತಿಂಗಳುಗಳನ್ನ ಬೆರಳಲ್ಲಿ ಎಣಿಸಿ ತೋರಿಸಿದೆ. ಅವಳೂ ಎಣಿಸಿದಳು, ಇನ್ನೊಂದು ಸಲ ಎಣಿಸಿದಳು.

‘ಹಂಗಾದ್ರೆ ಕುಂಬಳಕಾಯಿ ಹೆಚ್ಚಿದ್ದಕ್ಕಲ್ವೇನ್ಲಾ?’

‘ಅಲ್ಲ ಚಿಕ್ಕಮ್ಮ.’

ಸೌದೆ ಮುಂದಕ್ಕೆ ತಳ್ಳಿದಳು. ‘ನಿಮ್ಮಜ್ಜಿ ಇದ್ದಾಗ ಹೇಳಬಾರದಿತ್ತಾ ಮಗ,’ ಅಂದಳು.