ಮಡಿ ಉಟ್ಟ ವಲಸೆಗನ್ನಡ

ನಮ್ಮ ವಲಸಿಗ ಕತೆಗಳಲ್ಲಿ ಊರಿನ ಮಳೆ, ಅಜ್ಜಿಯ ಅಡುಗೆ ಹೇರಳ. ನಾವಿರುವ ದೇಹೂ ರೋಡ್ ಮಾತ್ರ ಕಾಣುವುದಿಲ್ಲ. ಲೋಕಲ್ ರೈಲಿನಲ್ಲಿ, ಕಂಟೋನ್ಮೆಂಟಿನ ಸಂತೆಯಲ್ಲಿ ನಾವಾಡುವ ಮರಾಠಿ ಬೆರೆತ ಕನ್ನಡ, ಬರಹಕ್ಕಿಳಿಯುವ ಮೊದಲೇ ಮಡಿ ಉಟ್ಟುಬಿಡುತ್ತದೆ.

ಬೇಂದ್ರೆಯವರ ಮನೆಮಾತು ಮರಾಠಿ. ಪುಣೆಯಲ್ಲಿ ಓದಿದರು, ಸೊಲ್ಲಾಪುರದಲ್ಲಿ ಪಾಠ ಹೇಳಿದರು. ಅವರ ಕನ್ನಡ ಕೆಡಲಿಲ್ಲ, ಹಿಗ್ಗಿತು. ಅತ್ತ ಜಿ.ಎ. ಕುಲಕರ್ಣಿ ಧಾರವಾಡದಲ್ಲಿದ್ದೇ ಮರಾಠಿಯ ದೊಡ್ಡ ಕತೆಗಾರರಾದರು. 17ನೇ ಶತಮಾನದಲ್ಲಿ ಷಾ ಅಬ್ಬಾಸ್ ಇರಾನಿಗೆ ಸಾಗಿಸಿದ ಜಾರ್ಜಿಯನ್ನರ ಸಂತತಿ ಫೆರೆಯ್ದಾನಿನಲ್ಲಿ ಇಂದಿಗೂ ಜಾರ್ಜಿಯನ್ ಆಡುತ್ತದೆ. ಪಾರ್ಸಿ ಪದಗಳು ಸೇರಿದ್ದಕ್ಕೆ ಅದು ಸಾಯಲಿಲ್ಲ.

ಮನೆಯ ಮಗು ಮರಾಠಿ ಬೆರೆಸಿ ಕನ್ನಡ ಆಡಿದರೆ ನಾವು ಸಾಲುಸಾಲಾಗಿ ತಿದ್ದುತ್ತೇವೆ; ಮಗು ಹಿಂದಿಗೆ ಜಾರುತ್ತದೆ. ಭಾಷೆ ಸಾಯುವುದು ಬೆರಕೆಯಿಂದಲ್ಲ, ಈ ಸಂಕೋಚದಿಂದ. ಮುಂದಿನ ಕತೆಯಲ್ಲಿ ಆ ಮಗು ತನ್ನ ಮಾತಿನಲ್ಲೇ ಮಾತಾಡಲಿ.