ಸಾರಂಗಿಯ ಗಜ ಮತ್ತು ಸುಂಕಪಟ್ಟಿಯ ನೂರು ವರ್ಷ

ಕೈಯಿಂದ ಮಾಡಿದ ಹಳೆಯ ವಾದ್ಯಪರಿಕರಗಳಿಗೆ ಭಾರತದ ಸುಂಕಪಟ್ಟಿಯಲ್ಲಿ ಮುಖ್ಯವಾಗಿ ಎರಡು ಶೀರ್ಷಿಕೆಗಳಿವೆ: ವಾದ್ಯಗಳ ಬಿಡಿಭಾಗ, ಪರಿಕರಗಳ 9209 ಮತ್ತು ನೂರು ವರ್ಷ ಮೀರಿದ ಪುರಾತನ ವಸ್ತುಗಳ 9706. ಪುರಾತನ ವಸ್ತುಗಳನ್ನು 92ನೇ ಅಧ್ಯಾಯ ಹೊರಗಿಡುತ್ತದೆ, 97ನೇ ಅಧ್ಯಾಯ ಒಳಗೆ ಕರೆದುಕೊಳ್ಳುತ್ತದೆ. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಬಂದಿಳಿಯುವ ಹಳೆಯ ಸಾರಂಗಿಯ ಗತಿಯನ್ನು ನಿರ್ಧರಿಸುವುದು ಹೀಗೆ ವಯಸ್ಸೊಂದೇ. ಈ ಅಳತೆಗೆ ನಿಷ್ಪಕ್ಷಪಾತವೆಂಬ ಹೆಸರಿದೆ. ಅದು ಅರ್ಹತೆ ಮೀರಿದ ಹೆಸರು.

ತೊಡಕು ಕಾಣುವುದು 92ನೇ ಅಧ್ಯಾಯದ ಎರಡನೆಯ ಟಿಪ್ಪಣಿಯಲ್ಲಿ. 9202ರ ತಂತಿವಾದ್ಯದ ಜೊತೆ, ವಾಡಿಕೆಯ ಸಂಖ್ಯೆಯಲ್ಲಿ, ಅದನ್ನು ನುಡಿಸಲೆಂದೇ ಬಂದ ಗಜ, ಅಂದರೆ ಕಮಾನು, ಆ ವಾದ್ಯದ ಶೀರ್ಷಿಕೆಗೇ ಸೇರುತ್ತದೆ. ಒಂಟಿಯಾಗಿ ಬಂದದ್ದು 9209ಕ್ಕೆ. ಕೇಳಲು ಸರಳ. ಆದರೆ ಸಾರಂಗಿಗೆ ನೂರಿಪ್ಪತ್ತು ವರ್ಷ, ಗಜಕ್ಕೆ ಮೂವತ್ತು ಎಂದುಕೊಳ್ಳಿ. ಸಾರಂಗಿ 9706ಕ್ಕೆ ಹೋಯಿತು. ಟಿಪ್ಪಣಿ ಹೇಳುವುದು 9202ರ ವಾದ್ಯದ ಮಾತನ್ನು. ಈ ಸಾರಂಗಿ ಈಗ ಆ ಶೀರ್ಷಿಕೆಯಲ್ಲಿಲ್ಲ. ಅಕ್ಷರಶಃ ಓದಿದರೆ, ಒಂದೇ ಪೆಟ್ಟಿಗೆಯಲ್ಲಿ ಬಂದ ಗಜ 9209ಕ್ಕೆ ಬಿತ್ತು. ಹೊಸ ಸಾರಂಗಿಯಾಗಿದ್ದರೆ ಅದೇ ಗಜ ವಾದ್ಯದ ಜೊತೆಗೇ ಉಳಿಯುತ್ತಿತ್ತು. ವಾದ್ಯ ಹಳೆಯದಾದಷ್ಟಕ್ಕೆ ಜೋಡಿ ಒಡೆಯುವ ಓದು ಒಳ್ಳೆಯ ಓದಲ್ಲ.

ಪ್ರತಿಯೊಂದು ಭಾಗದ ವಯಸ್ಸನ್ನೂ ಬೇರೆಬೇರೆ ನೋಡಬೇಕೆನ್ನುವ ವ್ಯಾಖ್ಯಾನಕಾರರಿದ್ದಾರೆ. ಹಾಗೆ ನೋಡಿದರೆ ಯಾವ ಸಾರಂಗಿಯೂ ಪುರಾತನವಾಗದು. ಗಜದ ಕುದುರೆಕೂದಲು ಸವೆಯುತ್ತದೆ, ಕರುಳಿನ ತಂತಿ ಹರಿಯುತ್ತದೆ, ಬಿರಡೆ ಬದಲಾಗುತ್ತದೆ. ನುಡಿಸಿದ ವಾದ್ಯದ ಬಾಳೇ ಅದು. ಸುಂಕಪಟ್ಟಿಯ ಅಂತರರಾಷ್ಟ್ರೀಯ ವಿವರಣಾ ಟಿಪ್ಪಣಿಗಳು ಇದನ್ನು ಬಲ್ಲವು: ಮೂಲ ಸ್ವರೂಪ ಉಳಿದಿದ್ದರೆ ದುರಸ್ತಿಯಾದ ವಸ್ತುವೂ ಪುರಾತನವೇ. ನಿಜವಾದ ಅಳತೆ ಇದು. ಇದನ್ನು ಅಧಿಕಾರಿಯ ಮರ್ಜಿಗೆ ಬಿಟ್ಟಂತೆ ಎಂಬ ಆಕ್ಷೇಪಕ್ಕೆ ತೂಕವಿಲ್ಲ. ಕುಶಲಕರ್ಮಿ ಇಸವಿ ಕೊರೆಯದ ಗಜಕ್ಕೆ, ಖರೀದಿ ಚೀಟಿಯೂ ಇಲ್ಲದಾಗ, ಹಚ್ಚುವ ವಯಸ್ಸೂ ಅಂದಾಜೇ. ಸುಂಕಪಟ್ಟಿಯ 2022ರ ಪರಿಷ್ಕರಣೆಯಾದರೂ ಇತ್ತ ನೋಡಲಿಲ್ಲ. 250 ವರ್ಷ ಮೀರಿದವಕ್ಕೆ ಪ್ರತ್ಯೇಕ ಉಪಶೀರ್ಷಿಕೆ ಕೊಟ್ಟು ವಯಸ್ಸಿನ ಗೆರೆಯನ್ನೇ ಇನ್ನೊಂದು ಎಳೆಯಿತು.

ರಫ್ತಿನ ದಾರಿ ಬೇರೆ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆ ಅದನ್ನು ಖಾಸಗಿಯವರಿಗೆ ಮುಚ್ಚಿದೆ; ಸಂಶಯ ಬಂದಲ್ಲಿ ತೀರ್ಮಾನ ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರದು. ಅಲ್ಲಿನ ಮಾತು ‘ನೂರು ವರ್ಷಕ್ಕೆ ಕಡಿಮೆಯಿಲ್ಲದ’ ಎಂದು, ಸುಂಕಪಟ್ಟಿಯದು ‘ನೂರು ಮೀರಿದ’ ಎಂದು. ಸರಿಯಾಗಿ ನೂರು ತುಂಬಿದ ದಿನ ವಸ್ತು ಒಂದು ಕಾನೂನಿಗೆ ಪುರಾತನ, ಇನ್ನೊಂದಕ್ಕೆ ಅಲ್ಲ. ತಂತಿಗಳನ್ನು ಹೊರುವ ಕುದುರೆ ದಂತದ್ದಾಗಿದ್ದರೆ ವನ್ಯಜೀವಿ ಕಾಯ್ದೆಯೂ ಜೊತೆಗೂಡುತ್ತದೆ.

ವರ್ಣಚಿತ್ರದ ಚೌಕಟ್ಟು, ಬಗೆಯಲ್ಲಿ ಮತ್ತು ಬೆಲೆಯಲ್ಲಿ ಚಿತ್ರಕ್ಕೆ ಸಹಜವಾಗಿದ್ದರೆ, ಚಿತ್ರದ ಜೊತೆಗೇ ವರ್ಗೀಕರಣಗೊಳ್ಳಬೇಕೆಂದು 97ನೇ ಅಧ್ಯಾಯವೇ ಹೇಳುತ್ತದೆ. ಗಜಕ್ಕೂ ಅಂಥದೊಂದು ವಾಕ್ಯ ಅಲ್ಲಿ ಸೇರಬೇಕು.